ಯಾವ ಮನಿಯ ಕೂಸು

ಹುನಗುಂದದ ಗಣಿತದ ಮಾಸ್ತರ ಅಮಾತೆಪ್ಪನಿಗೆ ಕಾಗದ ಬರೆಯುವ ಚಟ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ಇವನಿಗೆ ಅಂಚೆಕಾರ್ಡು. ಅದು ಹತ್ತಿಕೊಂಡದ್ದು ೧೯೮೫ರಲ್ಲಿ, ಸರಕಾರ ಅವನ ಶಾಲೆಗೊಂದು ಕಂಪ್ಯೂಟರ್ ಕೊಟ್ಟ ಮೇಲೆ. ಹೆಡ್ಮಾಸ್ತರರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ಅಮಾತೆಪ್ಪನಿಗೆ ಒಪ್ಪಿಸಿ ಪಾರಾದರು. ಹತ್ತು ದಿನದ ತರಬೇತಿಯೇನೋ ಆಗಿತ್ತು. ಹನ್ನೊಂದನೆಯ ದಿನ ಎದ್ದ ಪ್ರಶ್ನೆಗೆ ಉತ್ತರ ಹೇಳುವವರು ಹುನಗುಂದದಲ್ಲಿರಲಿ, ಬಾಗಲಕೋಟೆಯಲ್ಲೂ ಅವನಿಗೆ ಸಿಗಲಿಲ್ಲ.

ಸಿಕ್ಕಿದ್ದು ಬೆಂಗಳೂರಿನಿಂದ ಬರುತ್ತಿದ್ದ ಒಂದು ಮಾಸಪತ್ರಿಕೆಯ ಕೊನೆಯ ಪುಟ. ಪ್ರೋಗ್ರಾಮಿನಲ್ಲಿ ಸಿಕ್ಕಿಬಿದ್ದ ಓದುಗರು ತಮ್ಮ ತೊಡಕನ್ನು ವಿಳಾಸದ ಸಮೇತ ಅಲ್ಲಿ ಅಚ್ಚು ಹಾಕಿಸುತ್ತಿದ್ದರು. ತಿಳಿದವರು ನೇರ ಅಂಚೆಯಲ್ಲಿ ಉತ್ತರ ಬರೆಯುತ್ತಿದ್ದರು. ಮುಖ ನೋಡಿಲ್ಲ, ದನಿ ಕೇಳಿಲ್ಲ, ಆದರೂ ಪುಣೆಯಿಂದ, ಮದರಾಸಿನಿಂದ ಯಾರೋ ಪುಣ್ಯಾತ್ಮರು ಕೂತು ಇವನಿಗಾಗಿ ನಾಲ್ಕು ಪುಟ ಬರೆಯುವರು. “ಮಾಸ್ತರ್ರ, ನಿಮಗ ಬಂದಷ್ಟು ಟಪಾಲು ತಹಶೀಲ್ದಾರ್ರಿಗೂ ಬರೂದಿಲ್ರಿ,” ಎಂದು ಪೋಸ್ಟಮನ್ ಕಲ್ಲಪ್ಪ ಕಾಡುತ್ತಿದ್ದ. ಅಮಾತೆಪ್ಪನಿಗೆ ಒಳಗೊಳಗೇ ಖುಷಿ.

ಮರುವರ್ಷ ದವಾಖಾನೆಯ ನರ್ಸಬಾಯಿ ಮಾಸುಮಬಿ ಒಂದು ಕೆಲಸ ಹಿಡಿದು ಬಂದಳು. ತಿಂಗಳು ತಿಂಗಳು ಯಾವ ಊರಿನ ಯಾವ ಕೂಸಿಗೆ ಲಸಿಕೆ ಬಾಕಿ ಎಂದು ಹುಡುಕಲು ಅವಳು ಆರು ರಜಿಸ್ಟರು ತಿರುವಬೇಕಿತ್ತು. ಅಮಾತೆಪ್ಪ ಎಂಟು ದಿನದಲ್ಲಿ ಪ್ರೋಗ್ರಾಮು ಬರೆದುಕೊಟ್ಟ. ಹುನಗುಂದ, ಕಮತಗಿ, ಸುತ್ತಲಿನ ಹಳ್ಳಿಗಳು ಎಲ್ಲ ಅದರಲ್ಲಿ. ಆ ಯಂತ್ರದ ಹೊಟ್ಟೆ ಭಾಳ ಸಣ್ಣದು. ಹೆಸರುಗಳನ್ನು ತುಂಬುತ್ತ ಹೋದರೆ ಅರ್ಧ ತಾಲೂಕಿಗೇ ತೇಗುತ್ತಿತ್ತು. ಅದಕ್ಕೇ ಅವನು ಹೆಸರುಗಳಿಗೆಲ್ಲ ಕತ್ತರಿ ಹಾಕಿದ. ಊರು, ಮಲೇರಿಯಾದವರು ಬಾಗಿಲ ಮೇಲೆ ಬರೆದುಹೋದ ಮನೆ ನಂಬರು, ಕೂಸು ಗಂಡೋ ಹೆಣ್ಣೋ, ಹುಟ್ಟಿದ ತಿಂಗಳು, ಆದ ಲಸಿಕೆ, ಇಷ್ಟೇ. ಮನೆಗೆ ಕೂಸನ್ನು ಕಟ್ಟಿಹಾಕಿದರೆ ಮುಗಿಯಿತು, ಮನೆ ಎಲ್ಲಿಗೆ ಓಡಿಹೋದೀತು ಎಂಬುದು ಅವನ ಲೆಕ್ಕಾಚಾರ. ಪರದೆಯ ಮೇಲೆ ಬಂದ ಪಟ್ಟಿಯನ್ನು ಅವನು ಹಾಳೆಗೆ ಇಳಿಸಿ ಕೊಡುವನು, ಮಾಸುಮಬಿ, ಉಳಿದ ಊರುಗಳ ನರ್ಸುಗಳು ಅದನ್ನು ಹಿಡಿದು ಮನೆಮನೆ ಸುತ್ತಿ, ಲಸಿಕೆ ಆದದ್ದು, ಊರು ಬಿಟ್ಟದ್ದು ಗುರುತು ಹಾಕಿ ತಂದುಕೊಡುವರು. ದೊಡ್ಡ ಡಾಕ್ಟರು ಬಂದು ಬೆನ್ನು ತಟ್ಟಿ ಹೋದರು.

ಐದನೆಯ ತಿಂಗಳು ಮಾಸುಮಬಿ ಬಂದವಳು ಕುರ್ಚಿಯಲ್ಲಿ ಕೂಡಲಿಲ್ಲ.

“ಮಾಸ್ತರ್ರ, ಹನ್ನೊಂದು ಕೂಸು ಕಳದಾವ್ರಿ.”

“ಕಳದಾವ ಅಂದ್ರ?”

“ಎರಡು ಸಲ ಪೋಲಿಯೋ ಹನಿ ಹಾಕೇನಿ. ಮೂರನೇದಕ್ಕ ಯಾವ ಊರಿನ ಪಟ್ಟ್ಯಾಗೂ ಇಲ್ಲ. ನನ್ನ ಹಳೇ ರಜಿಸ್ಟರ್ ತಗದು ನೋಡಿದೆ. ಹನ್ನೊಂದೂ ಚೊಚ್ಚಲ ಕೂಸು.”

“ನನ್ನ ಪ್ರೋಗ್ರಾಮು ತಪ್ಪು ಮಾಡೂದಿಲ್ಲ ನರ್ಸಬಾಯಿ. ನೀವ ಗುರುತು ಹಾಕೂದು ಮರತಿರಬೇಕು.”

ಅವಳ ಮುಖ ಕೆಂಪಾಯಿತು. “ಬರ್ಕೊಳ್ಳೂದು ಯಾರೇ ಮರೀಲಿ, ರೋಗ ಮರಿಯೂದಿಲ್ರಿ,” ಎಂದು ಹೊರಟುಹೋದಳು.

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವನಾದರೂ ಅಮಾತೆಪ್ಪ ನಿರ್ದಯಿಯಲ್ಲ. ಅನ್ನ ಸೇರಲಿಲ್ಲ. ಪ್ರೋಗ್ರಾಮನ್ನು ಸಾಲು ಸಾಲಾಗಿ ಬರೆದು ಪತ್ರಿಕೆಗೆ ಕಳಿಸಿದ. ಅದು ಅಚ್ಚಾಗಿ ಬರುವವರೆಗೂ ಕಾಯುವುದೊಂದೇ ಕೆಲಸ. ಅಷ್ಟರಲ್ಲಿ ಮಾಸುಮಬಿ ರಜಿಸ್ಟರು ಹಿಡಿದು ಊರೂರು ತಿರುಗಿ, ಕೇಳಿ ಕೇಳಿ, ಏಳು ಕೂಸುಗಳನ್ನು ಪತ್ತೆ ಮಾಡಿದ್ದಳು. ನಾಲ್ಕು ಉಳಿದಿದ್ದವು.

ಮೂರು ಉತ್ತರ ಬಂದವು. ಒಬ್ಬ ಇನ್ನೂ ದೊಡ್ಡ ಯಂತ್ರ ತರಿಸಿರಿ ಎಂದಿದ್ದ. ಇನ್ನೊಬ್ಬ ನಲವತ್ತನೆಯ ಸಾಲು ತಿದ್ದಿದ್ದ. ಅದು ಮೊದಲೇ ಸರಿಯಿತ್ತು. ಮೂರನೆಯದು ಇಳಕಲ್ಲಿನಿಂದ, ಗುರುಲಿಂಗವ್ವ ಎಂಬ ಬ್ಯಾಂಕಿನ ಗುಮಾಸ್ತೆ ಬರೆದದ್ದು. ಮದರಾಸಿನವರಿಗೆ ತಿಳಿಯದ್ದು ಪಕ್ಕದ ಇಳಕಲ್ಲಿನವಳಿಗೆ ತಿಳಿದೀತೇ ಎಂದುಕೊಂಡೇ ಬಿಡಿಸಿದ. ಹಿತ್ತಲ ಗಿಡ ಮದ್ದಲ್ಲ ನೋಡಿ.

“ನಿಮ್ಮ ಪ್ರೋಗ್ರಾಮು ಸರಿಯಿದೆ ಸರ್, ನೀವು ಇಟ್ಟುಕೊಂಡ ನಂಬಿಕೆ ತಪ್ಪು,” ಎಂದು ಶುರುವಾಗಿತ್ತು ಕಾಗದ. “ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ನಾನೂ ಐದು ತಿಂಗಳು ತವರಿನಲ್ಲಿದ್ದು ಬಂದವಳೇ. ಕೂಸು ಹುಟ್ಟಿದ ಮನೆಯಿಂದ ಹೋಗಿಬಿಟ್ಟಿತೆಂದು ನೀವು ಅಳಿಸುತ್ತೀರಿ. ಸೇರಿದ ಮನೆಯಲ್ಲಿ ಅದು ಹುಟ್ಟಿಲ್ಲವೆಂದು ಬರೆಯುವುದೇ ಇಲ್ಲ. ಕೂಸನ್ನು ಮನೆಗೆ ಕಟ್ಟಬೇಡಿರಿ. ಅದನ್ನು ಯಾರು ಎತ್ತಿಕೊಂಡು ತಿರುಗುತ್ತಾರೋ ಅವರಿಗೆ ಕಟ್ಟಿರಿ. ಇಡೀ ಪಟ್ಟಿಯಲ್ಲಿ ತಾಯಿ ಎಂಬ ಕಲಮೇ ಇಲ್ಲವಲ್ಲ!”

ಅಮಾತೆಪ್ಪನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಬೆವರು ಬಂತು. ಕಾಗದ ಹಿಡಿದು ನೆಟ್ಟಗೆ ದವಾಖಾನೆಗೆ ಹೋದ. “ತಪ್ಪು ನಂದ ನರ್ಸಬಾಯಿ. ಉಳಿದ ನಾಲ್ಕರ ಮನಿ ನಂಬರ್ ಹೇಳ್ರಿ, ನಾನ ಹುಡುಕತೇನಿ.”

ಮಾಸುಮಬಿ ಓದಿದಳು. ಮೂರು ಬರೆದುಕೊಂಡ. ನಾಲ್ಕನೆಯದಕ್ಕೆ ಅವಳು ತಡೆದಳು. “ಇನ್ನೂರಾ ಹನ್ನೆರಡು. ಇದನ್ನ ನಿಮಗೇನು ಹೇಳೂದ್ರಿ? ಅವರ ಹಾಕಿಸಿರ್ತಾರ ಅಂತ ನಾ ಆ ಮನಿಗೆ ಕೇಳಾಕ ಹೋಗಿಲ್ಲ.”

“ಯಾಕ, ಯಾರ ಮನಿ ಅದು?”

“ನಿಮ್ಮದ ಅಲ್ರಿ ಮಾಸ್ತರ್ರ!”

ಸ್ವಂತ ಮನೆಯ ಬಾಗಿಲ ನಂಬರನ್ನು ಯಾರು ನೋಡುತ್ತಾರೆ? ಮಗಳು ಶಾರವ್ವ ಚೊಚ್ಚಲ ಬಾಣಂತನಕ್ಕೆ ಬಂದು, ಐದನೆಯ ತಿಂಗಳಲ್ಲಿ ಕೂಸಿನ ಜೊತೆ ಕಮತಗಿಯ ಗಂಡನ ಮನೆಗೆ ಹೋಗಿದ್ದಳು. ಆ ತಿಂಗಳೇ ಇನ್ನೂರಾ ಹನ್ನೆರಡರ ಮುಂದೆ ‘ಊರು ಬಿಟ್ಟಿದೆ’ ಎಂದು ಯಂತ್ರದಲ್ಲಿ ಒತ್ತಿದ್ದು ಅವನದೇ ಬೆರಳು. ಮೊಮ್ಮಗಳನ್ನು ತಾನೇ ಅಳಿಸಿದ್ದ. ಬಸ್ಸಿನಲ್ಲಿ ಕಮತಗಿಯವರೆಗೂ ಅವನು ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದ.

ಕೂಸು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ಎರಡೂ ಕಾಲು ಗಟ್ಟಿಯಾಗಿ ಊರಿ, ಅಜ್ಜನ ಧೋತರ ಹಿಡಿದು ಏಳಲು ನೋಡಿತು. ಅವನು ಬಾಗಿ ಆ ಎರಡೂ ಕಾಲನ್ನು ತೊಡೆಯಿಂದ ಪಾದದವರೆಗೆ ಸವರಿ ನೋಡಿದ.

“ಮೂರನೇ ಹನಿ ಹಾಕಿಸಲಿಲ್ಲೇನ ಶಾರವ್ವ?”

“ಇಲ್ಲಿ ನರ್ಸಬಾಯಿ, ‘ಪಟ್ಟ್ಯಾಗ ಈ ಕೂಸಿಲ್ಲ, ನಿಮ್ಮ ತವರಾಗ ಕೇಳ್ರಿ’ ಅಂದ್ರು. ಇಷ್ಟಕ್ಕ ತವರಿಗೆ ಹೊಂಟೇನಿ ಅನ್ನಾಕ ಅತ್ತಿ ಮುಂದ ಬಾಯಿ ಬರಲಿಲ್ಲ. ಪಟ್ಟಿ ಮಾಡಾಂವ ನಮ್ಮಪ್ಪನ, ಅಂವ ಮರೀತಾನೇನು ಅಂತ ಸುಮ್ಮನಿದ್ದೆ.”

ಅವತ್ತೇ ತಾಯಿ ಮಗುವನ್ನು ಕರೆದುಕೊಂಡು ಕಮತಗಿಯ ದವಾಖಾನೆಗೆ ಹೋದ. ಹನಿ ಹಾಕಿದ ಮೇಲೆ ಅಲ್ಲಿಯ ನರ್ಸು ಪೆನ್ನು ತೆಗೆದು, “ಯಾವ ಮನಿ ಅಂತ ಬರೀಲ್ರಿ? ಹುನಗುಂದದ್ದೋ, ಇಲ್ಲೀದೋ?” ಎಂದಳು.

“ಮನಿ ಬ್ಯಾಡ್ರಿ. ತಾಯಿ ಹೆಸರು ಬರ್ಕೋರಿ, ಶಾರವ್ವ ಅಂತ. ಇನ್ನ ಮ್ಯಾಲ ಎಲ್ಲಾರದೂ ಹಂಗ. ಆಕಿ ಎಲ್ಲಿರತಾಳೋ ಕೂಸು ಅಲ್ಲಿ.”

ಶಾರವ್ವ ಕೂಸಿನ ತುಟಿ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

“ಹಂಗಾರ ಇಷ್ಟ ದಿನ ನಿನ್ನ ಪಟ್ಟ್ಯಾಗ ನಾ ಎಲ್ಲಿದ್ದೆ ಅಪ್ಪಾ?”

ಕೊಂಕು ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ಜಾಗ ಸಾಲದೆಂದು ನಿನ್ನನ್ನು ಬಿಟ್ಟಿದ್ದೆ ಎಂದು ಹೆತ್ತ ಮಗಳಿಗೆ ಹೇಗೆ ಹೇಳುವುದು? ಅಮಾತೆಪ್ಪ ಕೂಸನ್ನು ಅವಳ ಕೈಯಿಂದ ಎತ್ತಿಕೊಂಡ, ನರ್ಸಿನ ಪೆನ್ನು ಇಸಿದುಕೊಂಡು ಶಾರವ್ವ ಎಂಬ ಹೆಸರನ್ನು ತಾನೇ ಬರೆದ.