ನಬೀಸಕ್ಕ ಇಟ್ಟ ಚುಕ್ಕಿ

ಹತ್ತನೇ ಕ್ಲಾಸಿನಲ್ಲಿರುವಾಗ ನಾನು ನಂತೂರಿನಲ್ಲಿ ಒದ್ದ ಫುಟ್‌ಬಾಲ್ ನೇತ್ರಾವತಿ ದಾಟಿ ತೊಕ್ಕೊಟ್ಟಿನ ಮೀನಿನ ಬುಟ್ಟಿಗೆ ಬಿದ್ದಿತ್ತು. ಸತ್ತ ಬಂಗುಡೆಗಳೂ ಗಾಬರಿಯಿಂದ ಎದ್ದು ಹಾರಿದವು. ಇಷ್ಟು ದೊಡ್ಡ ಆಟಗಾರನೇ ಹೇಳುತ್ತಿದ್ದೇನೆ, ಕೇಳಿ: ಮಂಗಳೂರಿನ ಮಕ್ಕಳ ಫುಟ್‌ಬಾಲ್ ನಿಂತಿರುವುದು ನಬೀಸಕ್ಕನ ಮೇಲೆ.

ಭಾನುವಾರ ಬೆಳಿಗ್ಗೆ ಐದೂಮುಕ್ಕಾಲು. ಕೊಡಿಯಾಲ್‌ಬೈಲ್ ಹತ್ತಿರದ ಮೈದಾನದಲ್ಲಿ ಕಾಗೆಗಳೂ ಸರಿಯಾಗಿ ಎದ್ದಿಲ್ಲ. ಐವತ್ತೆಂಟರ ನಬೀಸಕ್ಕ ಗೋಲ್ ಕಂಬಕ್ಕೆ ಹಗ್ಗ ಕಟ್ಟಿ ಎಳೆದು, ತೂತು ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತಾ ಹಿಂದೆ ಹಿಂದೆ ನಡೆಯುತ್ತಾರೆ. ಗೆರೆ ಎಷ್ಟು ನೇರವೆಂದರೆ ಇರುವೆಗಳು ಸಾಲು ಕಲಿಯಲು ಅಲ್ಲಿಗೇ ಬರುತ್ತವೆ. ಭಾನುವಾರ ಒಂದಕ್ಕೇ ಮೂರು ಮೈದಾನ, ಎರಡು ಮೂಟೆ ಸುಣ್ಣ. ಬೆರಳ ತುದಿಗಳೆಲ್ಲ ಬಿರಿದಿವೆ.

ಮೊದಲು ಇದು ಗಂಡ ಯಾಹ್ಯಾ ಅವರ ಕೆಲಸ. ಹನ್ನೊಂದು ವರ್ಷದ ಹಿಂದೆ ಅವರ ಬೆನ್ನು ಕೈಕೊಟ್ಟಿತು. “ಒಂದು ವಾರಕ್ಕೆ ಅಂತ ಬಂದದ್ದು. ಹೆಂಗಸಿಗೆ ಎಂತ ಗೊತ್ತುಂಟು ಅಂತ ನಗಾಡಿದ್ರು. ನಗಾಡಿದವರ ಮಕ್ಕಳೇ ಈಗ ನನ್ನ ಗೆರೆಯ ಒಳಗೆ ಆಡುವುದು.”

ಇಲ್ಲಿಯ ಹದಿಮೂರರೊಳಗಿನ ಹುಡುಗಿಯರ ಲೀಗಿನಲ್ಲಿ ಎರಡು ಡಿವಿಷನ್. ‘ಎ’ಯಲ್ಲಿ ಕೊನೆಗೆ ಬಂದ ತಂಡ ‘ಬಿ’ಗೆ ಇಳಿಯಬೇಕು, ‘ಬಿ’ಯಲ್ಲಿ ಮೊದಲು ಬಂದದ್ದು ಮೇಲೆ ಹತ್ತುತ್ತದೆ. ಕಳೆದ ವರ್ಷದ ಕೊನೆಯ ಪಂದ್ಯದಲ್ಲಿ ನನ್ನ ಮಗಳು ತೃಷಾಳ ತಂಡ ಸೋತರೆ ಇಳಿಯಬೇಕಿತ್ತು. ತೃಷಾ ಪೆನಾಲ್ಟಿ ಹೊಡೆದಳು, ಗೋಲು! ನಾವು ಉಳಿದೆವು. ನನ್ನ ಬೊಬ್ಬೆಗೆ ಪಣಂಬೂರಿನ ಹಡಗುಗಳು ತಿರುಗಿ ನೋಡಿದವು.

ಆಟ ಮುಗಿದು ಹಗ್ಗ ಸುತ್ತುವಾಗ ನಬೀಸಕ್ಕನ ಕೈ ನಿಂತಿತು. ಹಗ್ಗದಲ್ಲಿ ಎರಡು ಗಂಟು: ಪುಟಾಣಿಗಳ ಪೆನಾಲ್ಟಿಗೆ ಏಳು ಮೀಟರಿನದು, ಈ ಹುಡುಗಿಯರಿಗೆ ಒಂಬತ್ತರದು. ತೃಷಾ ಹೊಡೆದ ಬದಿಯಲ್ಲಿ ಅವರು ಏಳಕ್ಕೇ ಚುಕ್ಕಿ ಇಟ್ಟಿದ್ದರು. ರೆಫ್ರಿಗೂ ಗೊತ್ತಾಗಿರಲಿಲ್ಲ. ನಬೀಸಕ್ಕ ಲೀಗ್ ನಡೆಸುವ ಕಜೆಟನ್ ಬಳಿ ನೇರ ಹೋದರು.

“ಕಜೆಟನ್ ಸರ್, ತಪ್ಪು ನನ್ನದು, ಪುನಃ ಆಡಿಸಿ ಅಂದೆ. ನಿಮಗೆ ತಲೆ ಸಮ ಉಂಟಾ ಅಂತ ಕೇಳಿದ್ರು. ತಲೆ ಸಮ ಉಂಟು ಸರ್, ಚುಕ್ಕಿ ಸಮ ಇಲ್ಲ ಅಂದೆ.”

ಮುಂದಿನ ವಾರ ಪುನಃ ಆಡಿದರು. ಎರಡು–ಒಂದರಲ್ಲಿ ಸೋತು ನಮ್ಮವರು ಇಳಿದರು. ಆದರೆ ಈ ವರ್ಷ ‘ಬಿ’ಯಲ್ಲಿ ಒಂದು ಪಂದ್ಯವನ್ನೂ ಬಿಟ್ಟುಕೊಟ್ಟಿಲ್ಲ. ಇವತ್ತು ಗೆದ್ದರೆ ಮತ್ತೆ ‘ಎ’. ಅದಕ್ಕೇ ತೃಷಾ ಈಗಲೇ ಬಂದು ಬೂಟಿನ ಲೇಸ್ ಬಿಗಿಯುತ್ತಿದ್ದಾಳೆ.

“ನಿಮಗೆ ಎಂತ ಆಸೆ ಉಂಟು ನಬೀಸಕ್ಕ?”

“ಸೋತ ಮಕ್ಕಳು ಗೆರೆಗೆ ಬೈಯಬಾರದು. ಅಷ್ಟೇ.”

ಮಾತು ಚಂದವಾಗಿ ಮುಗಿದಿತ್ತು. ನಾನು ಬಾಯಿ ಮುಚ್ಚಬೇಕಿತ್ತು. “ಅವತ್ತು ಇವರಿಗೆ ಧೈರ್ಯ ತುಂಬಿ ಕಜೆಟನ್ ಹತ್ತಿರ ಕಳಿಸಿದ್ದೇ ನಾನು,” ಎಂದು ಮಗಳಿಗೆ ಕೇಳುವಂತೆ ಹೇಳಿದೆ.

ನಬೀಸಕ್ಕ ಡಬ್ಬಿ ಕೆಳಗಿಟ್ಟರು. “ಎಂತ ಮಾರಾಯ್ರೇ, ಮಗಳ ಎದುರೇ ಹೀಗೆ ಬುರುಡೆ ಬಿಡುವುದಾ? ಚುಕ್ಕಿಯನ್ನು ಕಾಲಲ್ಲಿ ಉಜ್ಜಿಬಿಡುವ, ಯಾರಿಗೂ ಗೊತ್ತಾಗುವುದಿಲ್ಲ ಅಂತ ಹೇಳಿದ್ದು ಯಾರು?”

ತೃಷಾಳ ಕೈ ಲೇಸಿನಲ್ಲೇ ನಿಂತಿತು. “ಪಪ್ಪಾ?”

ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ: ಹೇಳಿದ್ದು ನಾನೇ. ಅವತ್ತು ಉಜ್ಜಲು ಚಪ್ಪಲಿ ಕಾಲನ್ನು ಎತ್ತಿಯೂ ಆಗಿತ್ತು. ನಬೀಸಕ್ಕ ಬಂದು ಆ ಚುಕ್ಕಿಯ ಮುಂದೆ ನಿಂತುಬಿಟ್ಟರು.