ಕಲ್ಕತ್ತೆಗೆ ಮುನ್ನ ನಾಲ್ಕು ಆ್ಯಪ್‌ಗಳ ತಪಾಸಣೆ

ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲೆ ಇನ್ಸ್‌ಪೆಕ್ಟರ್ ಆಗಿದ್ದೆ. ಪೊಲೀಸ್ ಅಲ್ಲ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಹಸಿರು ಬಣ್ಣ, ಇಲ್ಲದಿದ್ದರೆ ಕೆಂಪು ಬಣ್ಣ ಬಳಿಯುವವನು. ಮದುವೆ ಊಟಗಳಲ್ಲಿ ಇಷ್ಟನ್ನು ವಿವರಿಸುವಷ್ಟರಲ್ಲಿ ಪಕ್ಕದವರು ಎಲೆ ಮಡಚಿ ಎದ್ದಿರುತ್ತಿದ್ದರು. ಆ ಕೆಲಸದಲ್ಲಿ ಒಂದು ಅನುಕೂಲವಿತ್ತು. ಕೆಟ್ಟ ಮಾಲನ್ನು ಪಾಸು ಮಾಡಿದರೆ ಮೆಮೊ ಬರುತ್ತಿತ್ತು; ಒಳ್ಳೆಯ ಮಾಲನ್ನು ರಿಜೆಕ್ಟ್ ಮಾಡಿದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಹೀಗಾಗಿ ಸಂಶಯ ಬಂದದ್ದಕ್ಕೆಲ್ಲ ಕೆಂಪು ಬಳಿದು ನಾನು ಗೌರವದಿಂದ ನಿವೃತ್ತನಾದೆ.

ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಕಲ್ಕತ್ತೆಯವರು. ಆ ಮನೆಯಾಕೆಯನ್ನು ಇಡೀ ಸಾಲು ದೀದಿ ಎಂದೇ ಕರೆಯುತ್ತಿತ್ತು. ನನ್ನ ಹೆಂಡತಿಗೂ ಅವರಿಗೂ ಎಂಥ ಸ್ನೇಹವೆಂದರೆ, ಹಿತ್ತಲಿನ ಗೋಡೆಯ ಮೇಲೆ ಬಟ್ಟಲುಗಳು ಓಡಾಡಿ ಓಡಾಡಿ ಕೊನೆಗೆ ಯಾವ ಬಟ್ಟಲು ಯಾರದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ದೀದಿಯ ಗಂಡ ನಿವೃತ್ತರಾದ ಮೇಲೆ ಅವರು ಊರಿಗೆ ಮರಳಿದರು. ನಾವು ಯಲಹಂಕದ ಪಕ್ಕದ ಕೋಗಿಲಿನಲ್ಲಿ ಹಿರಿಯರ ಜಾಗ ಉಳಿದಿದ್ದಷ್ಟರಲ್ಲಿ ಮನೆ ಕಟ್ಟಿಕೊಂಡೆವು. ಅಲ್ಲಿಂದ ಮುಂದೆ ಸ್ನೇಹ ಫೋನಿನಲ್ಲಿ ನಡೆಯಿತು.

ಒಂದು ಗೌರಿ ಹಬ್ಬದ ದಿನ ದೀದಿ ಫೋನು ಮಾಡಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ನಿನ್ನ ಮುಖ ಕಾಣಿಸುವಾಗಲೇ ಬಂದುಬಿಡು ಎಂದರಂತೆ. ಹೆಂಡತಿ ಫೋನಿಟ್ಟು, ಬಾಗಿನದ ಮೊರ ಪಕ್ಕಕ್ಕೆ ಸರಿಸಿ, ಕಲ್ಕತ್ತೆಗೆ ಹೋಗಬೇಕು ಎಂದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಕೇಳಿದ ಮೊದಲ ಪ್ರವಾಸ ಅದು. ಹೋಗೋಣ ಎಂದೆ.

ಆರ್.ಟಿ. ನಗರದಲ್ಲಿರುವ ಮಗಳು, ಅದಕ್ಕೆಲ್ಲ ಆ್ಯಪ್‌ಗಳಿವೆ, ದೊಡ್ಡ ಊರಿನಲ್ಲಿ ಎಲ್ಲಿ ಇಳಿಯಬೇಕು, ಯಾವ ಬಸ್ಸು ಹತ್ತಬೇಕು ಎಲ್ಲ ಅದೇ ಹೇಳುತ್ತದೆ ಎಂದು ನಾಲ್ಕನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ನೋಡಿ ಒಂದನ್ನು ಆರಿಸಿಕೊಳ್ಳಿ ಎಂದಳು. ಈ ಮಾತನ್ನು ಅವಳು ನನಗೆ ಹೇಳಬಾರದಿತ್ತು.

ಕಾರ್ಖಾನೆಗೆ ಹೊಸ ಅಳತೆಯ ಉಪಕರಣ ಬಂದರೆ ನಾವು ನೇರವಾಗಿ ಮಾಲನ್ನು ಅಳೆಯುತ್ತಿರಲಿಲ್ಲ. ಅಳತೆ ಮೊದಲೇ ಗೊತ್ತಿರುವ ಉಕ್ಕಿನ ತುಂಡೊಂದನ್ನು ಅಳೆದು, ಉಪಕರಣ ನಿಜ ಹೇಳುತ್ತದೆಯೇ ಎಂದು ನೋಡುತ್ತಿದ್ದೆವು. ಕಲ್ಕತ್ತೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಊರಿನ ಬಗ್ಗೆ ಯಾರು ಏನು ಹೇಳಿದರೂ ನಿಜವೆಂದೇ ತೋರುತ್ತದೆ. ನನಗೆ ಗೊತ್ತಿದ್ದದ್ದು ಯಲಹಂಕದಿಂದ ಯಶವಂತಪುರದವರೆಗಿನ ನೆಲ. ಆದ್ದರಿಂದ ಪ್ರತಿ ಆ್ಯಪ್ಪಿಗೂ, ನಾವು ಪರ ಊರಿನವರು, ಈ ಭಾಗ ನೋಡಲು ಬಂದಿದ್ದೇವೆ, ಒಂದು ದಿನದ ಪ್ರವಾಸ ಯೋಜಿಸು ಎಂದು ಆಜ್ಞಾಪಿಸಿದೆ.

ಮೊದಲನೆಯದು ಹೆಸರಘಟ್ಟದಲ್ಲಿ ದೋಣಿವಿಹಾರ ಎಂದಿತು. ಹೆಂಡತಿ ಚಿತ್ರಾನ್ನ ಕಟ್ಟಿಕೊಂಡಳು. ಕೆರೆಯ ಅಂಗಳದಲ್ಲಿ ಹುಲ್ಲು ಬೆಳೆದು ದನಗಳು ಮೇಯುತ್ತಿದ್ದವು. ಕ್ರಮದ ಪ್ರಕಾರ ವಿಚಾರಿಸಲೇಬೇಕಲ್ಲ, ದೋಣಿ ಎಲ್ಲಿ ಸಿಗುತ್ತದೆ ಎಂದು ದನ ಕಾಯುತ್ತಿದ್ದ ಮುದುಕನನ್ನು ಕೇಳಿದೆ. “ಇಂಗೇ ಕುಂತಿರಿ, ಮಳೆ ಬಂದಾಗ ಸಿಗ್ತದೆ” ಎಂದ. ನಾವು ಕುಳಿತು ಚಿತ್ರಾನ್ನ ತಿಂದೆವು. ಕೆಂಪು.

ಎರಡನೆಯದು, ಹೆಬ್ಬಾಳದ ಫ್ಲೈಓವರ್ ಬಳಿ ರಸ್ತೆ ದಾಟಲು ಎರಡು ನಿಮಿಷ ಸಾಕು ಎಂದಿತು. ಹೆಂಡತಿಯನ್ನು ಬಸ್ ನಿಲ್ದಾಣದಲ್ಲಿ ಕೂರಿಸಿ, ಗಡಿಯಾರ ಹಿಡಿದು ನಾನೇ ದಾಟಿದೆ. ಹತ್ತೊಂಬತ್ತು ನಿಮಿಷವಾಯಿತು, ಅದರಲ್ಲಿ ಹದಿನೇಳು ನಿಮಿಷ ನಿಂತದ್ದು. ವಾಪಸು ಬರುವಾಗ ಗಡಿಯಾರ ನೋಡಲಿಲ್ಲ, ಬಸ್ಸುಗಳನ್ನು ನೋಡಿದೆ. ಮೂರನೆಯದು ಯಲಹಂಕದ ಒಂದು ಹೋಟೆಲಿನಲ್ಲಿ ಮುದ್ದೆ ಊಟಕ್ಕೆ ಕಳಿಸಿತು. ಹೋಟೆಲು ಮುಚ್ಚಿ ಅಲ್ಲಿ ಕಮೋಡು, ನಲ್ಲಿ ಮಾರುವ ಅಂಗಡಿ ಬಂದಿತ್ತು. ಊಟ ಎಷ್ಟು ಹೊತ್ತಿಗೆ ಎಂದು ನಾನು ಕೇಳಿದಾಗ ಅಂಗಡಿಯವನು ಹೆಂಡತಿಯ ಮುಖ ನೋಡಿದ. ಅವಳು ಹೊರಗೆ ಹೋಗಿ ನಿಂತಳು.

ಇಷ್ಟಕ್ಕೆ ದಸರಾ ಕಳೆದಿತ್ತು. ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಕಾಲಂ ಎಳೆದು ಬರೆದಿಟ್ಟಿದ್ದೆ.

ನಾಲ್ಕನೆಯ ಆ್ಯಪ್ ಹೇಳಿದ್ದೆಲ್ಲ ಸರಿಯಿತ್ತು. ಬಸ್ಸಿನ ನಂಬರು, ನಿಲ್ದಾಣ, ದೇವಸ್ಥಾನದ ಬಾಗಿಲು ತೆಗೆಯುವ ಹೊತ್ತು ಎಲ್ಲ. ಒಂದೇ ಒಂದು ಕಡೆ ಸಿಕ್ಕಿಬಿತ್ತು. ನಮ್ಮ ಮನೆಯಿಂದ ಕೋಗಿಲು ಕ್ರಾಸಿಗೆ ನಡೆದರೆ ಹನ್ನೊಂದು ನಿಮಿಷ ಎಂದಿತ್ತು. ಮೂರು ಬೆಳಿಗ್ಗೆ ನಡೆದು ನೋಡಿದೆ, ಮೂರು ಸಲವೂ ಒಂಬತ್ತೇ.

ಆಗ ದೀಪಾವಳಿ ಹತ್ತಿರವಿತ್ತು. ಹಿಂದಿನ ದಿನವಷ್ಟೇ ದೀದಿಯ ಜೊತೆ ಮಾತಾಡಿದ್ದ ಹೆಂಡತಿ ನನ್ನ ಪುಸ್ತಕದ ಮೇಲೆ ಕೈಯಿಟ್ಟಳು.

“ತೀರಾ ಹತ್ರ ಹೋದ್ರೆ ಇನ್ನೂ ಮುಖ ಕಾಣ್ಸತ್ತಂತೆ. ಎರಡು ನಿಮಿಷ ಮುಂಚೆ ತಲುಪಿದ್ರೆ ಒಳ್ಳೇದೇ ಅಲ್ವೇನ್ರೀ?”

ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು, ಅಳತೆಗೆ ದಾಕ್ಷಿಣ್ಯವಿಲ್ಲ ಎಂದು ನಾನು ಅವಳಿಗೆ ವಿವರಿಸಿದೆ. ಸಾಕಷ್ಟು ಹೊತ್ತು ವಿವರಿಸಿದೆ. ನಂತರ ಆ ಕಂಪನಿಗೆ ದೋಷವನ್ನು ತಿಳಿಸಿ ಪತ್ರ ಬರೆದು, ಉತ್ತರ ಬರುವವರೆಗೆ ಕಾಯುವುದು ಕ್ರಮ ಎಂದೆ. ಉತ್ತರ ಸಂಕ್ರಾಂತಿಗೆ ಬಂತು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು ಎಂದಷ್ಟೇ ಇತ್ತು. ನಾನು ಇನ್ನೊಂದು ಬರೆದೆ.

ನಿಜ ಹೇಳುತ್ತೇನೆ, ನನಗೆ ಭಯವಿತ್ತು. ತಿರುಪತಿ, ಮಂತ್ರಾಲಯ ಬಿಟ್ಟರೆ ನಾನು ರಾಜ್ಯ ದಾಟಿದವನಲ್ಲ. ಭಾಷೆ ಬಾರದ ಊರಿನಲ್ಲಿ, ಇಷ್ಟು ವರ್ಷ ಎಲ್ಲದಕ್ಕೂ ನನ್ನನ್ನೇ ಕೇಳಿಕೊಂಡು ಬಂದ ಹೆಂಡತಿಯ ಎದುರು ದಾರಿ ಗೊತ್ತಿಲ್ಲದೆ ಪೆದ್ದನಾಗಿ ನಿಲ್ಲಬೇಕಾಗುತ್ತದೆಂಬ ಭಯ. ಅದಕ್ಕೆ ತಪಾಸಣೆ ಎಂದು ಹೆಸರಿಟ್ಟುಕೊಂಡಿದ್ದೆ.

ಶಿವರಾತ್ರಿಯ ಮರುದಿನ ಹೆಂಡತಿ ಕಾಫಿ ಲೋಟ ಮುಂದಿಟ್ಟು, “ಯಶವಂತಪುರದಿಂದ ಟ್ರೈನು. ಮಗಳ ಕೈಲಿ ಎರಡು ಟಿಕೆಟ್ ತೆಗೆಸಿದೀನಿ. ನೀವು ಬರದಿದ್ರೆ ಒಂದು ಕ್ಯಾನ್ಸಲ್ ಮಾಡ್ತಾಳೆ” ಎಂದಳು. ಕೇಳಿದ ವಾರಕ್ಕೇ ಎರಡು ಬರ್ತು ಸಿಕ್ಕಿದ್ದವು. ಗಾಡಿ ಅರ್ಧ ಖಾಲಿಯಿತ್ತು.

ಕಲ್ಕತ್ತೆಯಲ್ಲಿ ನಾಲ್ಕನೆಯ ಆ್ಯಪ್ ಒಂದು ತಪ್ಪೂ ಮಾಡಲಿಲ್ಲ. ಹೌರಾದಲ್ಲಿ ಇಳಿದ ಮೇಲೆ ಯಾವ ಕಡೆ ಹೊರಡಬೇಕು, ನದಿ ದಾಟುವ ದೋಣಿ ಎಲ್ಲಿ, ಯಾವ ಬಸ್ಸು, ಯಾವ ಗಲ್ಲಿ ಎಂದು ಕೈಹಿಡಿದು ನಡೆಸಿತು. ನಾನು ಒಬ್ಬರನ್ನೂ ಏನೂ ಕೇಳಬೇಕಾಗಲಿಲ್ಲ. ಅದು ಹೇಳಿದ ಹೊತ್ತಿಗೆ ಸರಿಯಾಗಿ ದೀದಿಯ ಮನೆಯ ಮೆಟ್ಟಿಲ ಬುಡದಲ್ಲಿದ್ದೆವು.

ದೀದಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಹೆಂಡತಿ ಓಡಿಹೋಗಿ ಅವರ ಎದುರು ಮಂಡಿಯೂರಿದಳು. ಮುಖಕ್ಕೆ ಮುಖ ಕೊಟ್ಟು, ನೋಡಲಿ ಎಂದು ಕಾದಳು. ದೀದಿಯ ಕೈ ಮೇಲೆದ್ದು ಅವಳ ಕಿವಿಯ ಪಕ್ಕದಲ್ಲಿ ಗಾಳಿಯನ್ನು ಸವರಿತು. ಹೆಂಡತಿಯೇ ಆ ಕೈ ಹಿಡಿದು ಕೆನ್ನೆಗೆ ಇಟ್ಟುಕೊಂಡಳು. ಬೆರಳುಗಳು ಹಣೆ, ಮೂಗು, ಗಲ್ಲ ಎಲ್ಲ ಕಡೆ ನಿಧಾನವಾಗಿ ಹೋಗಿ ಬಂದವು.

“ಸಣ್ಣ ಆಗಿದ್ದೀಯ” ಎಂದರು ದೀದಿ. ಅದೇ ನಮ್ಮ ಕ್ವಾರ್ಟರ್ಸಿನ ಕನ್ನಡ, ಒಂದಿಷ್ಟೂ ಮಾಸಿರಲಿಲ್ಲ. “ದೀಪಾವಳಿಗೆ ಬರ್ತೀಯ ಅಂತ ಕಾಯ್ತಿದ್ದೆ ಕಣೇ. ಆಗ ಕಾಣಿಸ್ತಿತ್ತು.”

ನಾನು ಬ್ಯಾಗು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದೆ. ಆ ಕ್ಷಣ ನನ್ನ ಹೆಂಡತಿ ನನ್ನ ಕಡೆ ತಿರುಗಿದ್ದರೆ, ಬೈದಿದ್ದರೆ, ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ತಿರುಗಲಿಲ್ಲ.

“ಟಿಕೆಟ್ ಸಿಗ್ಲಿಲ್ಲ ದೀದಿ” ಎಂದಳು.

ಹೌದೇ ಎಂಬಂತೆ ದೀದಿ ನನ್ನ ಹೆಜ್ಜೆಯ ಸದ್ದು ಕೇಳಿದ್ದ ಕಡೆಗೆ ಮುಖ ಎತ್ತಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರಿಗೆ ಅದು ಕಾಣುವುದಿಲ್ಲವೆಂದು ಆಮೇಲೆ ಹೊಳೆಯಿತು, ಬಾಯಿಬಿಟ್ಟೇ ಹೇಳಬೇಕಾಯಿತು.