ಬಾಟಲಿ ಮತ್ತು ಚರಿಗೆ

ಕಲಬುರಗಿಯವರು ನಂಬುವುದಿಲ್ಲ ಬಿಡಿ: ಬೆಂಗಳೂರಿನಲ್ಲಿ ಹಿಂದಿ ಪಾಠ ಹೇಳಲು ಹೋದ ಮೊದಲ ಮನೆಯಲ್ಲಿ ನನಗೆ ನೀರು ಸಿಗಲಿಲ್ಲ! ಕತ್ರಿಗುಪ್ಪೆಯ ಮೂರನೇ ಮಹಡಿ, ಮಟಮಟ ಮಧ್ಯಾಹ್ನ. ಹುಡುಗಿಯ ತಾಯಿ ನಗುತ್ತಲೇ ಕೇಳಿದರು, "ನೀರು ಕುಡೀತೀರಾ ಮೇಡಂ?" "ಬ್ಯಾಡ್ರಿ" ಎಂದೆ. "ಸರಿ" ಎಂದು ಒಳಗೆ ಹೋದರು. ಎರಡನೇ ಸಲ ಕೇಳಿಯಾರೆಂದು ಪಾಠ ಮುಗಿಯುವವರೆಗೂ ಅಡುಗೆಮನೆಯ ಕಡೆಗೇ ನೋಡುತ್ತಿದ್ದೆ.

ನಮ್ಮಲ್ಲಿ ನೀರು ಬೇಕೇ ಅಂತ ಯಾರಾದರೂ ಕೇಳುತ್ತಾರೆಯೇ? ಬಂದವರು ಕೂರುವ ಮೊದಲೇ ಚರಿಗೆ ಬರುತ್ತದೆ, ಜೊತೆಗೆ ಬೆಲ್ಲದ ಚೂರು. ಬೇಡ ಎಂದರೂ ಬಿಡುವುದಿಲ್ಲ. ಇನ್ನೊಬ್ಬರ ಮನೆಗೆ ನೀರಿನ ಬಾಟಲಿ ಒಯ್ದರೆ ಆ ಮನೆಯವರಿಗೆ ಅವಮಾನ. ಹಾಗಾಗಿ ನಾನೂ ಒಯ್ಯಲಿಲ್ಲ. ಇಲ್ಲಿಯ ಬಿಸಿಲೂ ಮೋಸದ್ದು. ನಮ್ಮ ಬಿಸಿಲು ಕೆನ್ನೆಗೆ ಬಾರಿಸಿ ನೀರು ಕುಡಿಸುತ್ತದೆ. ಇಲ್ಲಿ ಮರದ ನೆರಳು, ಗಾಳಿ, ಬಾಯಾರಿದ್ದೇ ತಿಳಿಯದು. ತಲೆನೋವು, ಉರಿಮೂತ್ರ, ಎಲ್ಲರ ಮೇಲೂ ಸಿಡಿಮಿಡಿ. ಈ ಊರು ನನಗೆ ಆಗಿಬರುವುದಿಲ್ಲ, ಪಾಠ ಬಿಟ್ಟು ವಾಪಸ್ ಹೋಗಿಬಿಡೋಣ ಅನ್ನಿಸಿತು.

ಒಂದು ದಿನ ಗಿರಿನಗರದ ಪಾಠ ಮುಗಿಸಿ ಬಂದವಳು ಚಿಕ್ಕಲಸಂದ್ರದ ನಮ್ಮ ಬಾಡಿಗೆಮನೆಯ ಮೆಟ್ಟಿಲ ಮೇಲೆಯೇ ಕಣ್ಣು ಕತ್ತಲಾಗಿ ಕುಸಿದೆ. ಮನೆ ಓನರ್ ಜಯಮ್ಮ, ಈ ಲೇಔಟೆಲ್ಲ ಹೊಲವಾಗಿದ್ದಾಗ ಕಳೆ ಕಿತ್ತವರು, ಓಡಿಬಂದರು. ಉಪ್ಪು, ಸಕ್ಕರೆ, ನಿಂಬೆರಸ ಕದಡಿದ ಚೊಂಬನ್ನು ಕೈಗಿಟ್ಟರು. ಚರಿಗೆಗೆ ಇಲ್ಲಿ ಚೊಂಬು ಎನ್ನುತ್ತಾರೆ.

"ಒಂದೇ ಸಲ ಸುರ್ಕೋಬೇಡ, ಗುಟುಕು ಗುಟುಕಾಗಿ ಕುಡಿ." ನನ್ನ ಕಥೆ ಕೇಳಿ ಬೈದರು: "ಅಯ್ಯೋ ನಿನ್ನ! ಇಲ್ಲಿ ಬೇಡ ಅಂದ್ರೆ ಬೇಡ ಅಂತಾನೇ ಕಣಮ್ಮ. ನೀರು ಕೇಳೋಕೆ ಎಂಥ ನಾಚಿಕೆ? ಬಾಟ್ಲಿ ಇಟ್ಕೋ. ಬಾಯಾರೋವರ್ಗೂ ಕಾಯಬೇಡ."

ಮರುದಿನ ಕತ್ರಿಗುಪ್ಪೆಯಲ್ಲಿ ಕಾಲಿಟ್ಟವಳೇ, "ಸ್ವಲ್ಪ ನೀರು ಕೊಡಿ" ಎಂದೆ. ಆ ತಾಯಿ ಮಜ್ಜಿಗೆಯನ್ನೇ ತಂದರು. ಇಷ್ಟು ಸುಲಭವೇ! ಸಿಟ್ಟು, ನಗು ಒಟ್ಟಿಗೇ ಬಂದವು. ಅಂದಿನಿಂದ ಬಾಟಲಿಯೂ ಬ್ಯಾಗಿನಲ್ಲಿ ಖಾಯಂ.

ಮೊನ್ನೆ ಊರಿಗೆ ಹೋದೆ. ಅವ್ವ ಚರಿಗೆ ತರಲು ಒಳಗೆ ಹೋದಳು. ಅಷ್ಟರಲ್ಲಿ ನಾನು ಅಭ್ಯಾಸಬಲದಿಂದ ಬಾಟಲಿ ಎತ್ತಿ ಕುಡಿಯುತ್ತಿದ್ದೆ. ಅವ್ವ ಬಾಗಿಲಲ್ಲೇ ನಿಂತಳು.

"ಯಾಕವ್ವ, ನಮ್ಮನಿ ನೀರು ಬ್ಯಾಡಾತೇನು ನಿನಗ?"

"ಹಂಗಲ್ಲವ್ವಾ..." ಚರಿಗೆ ಇಸಿದುಕೊಂಡು ಪೂರ್ತಿ ಕುಡಿದೆ. ಅವಳ ಮುಖ ಸಡಿಲಾಗಲಿಲ್ಲ. ನನಗೆ ಅಳು ಬಂತು.

ಹೊರಡುವ ದಿನ ಅವಳೇ ಬಾಟಲಿ ತುಂಬಿಸಿ ಕೊಟ್ಟಳು. "ತಗೋ, ನಿಮ್ಮೂರು ಮುಟ್ಟೋತನಕ ಬೇಕಲ್ಲ."

ನಿಮ್ಮೂರು ಎಂದಳು. ರೈಲಿನಲ್ಲಿ ಗಂಟಲು ಒಣಗಿತು. ಆದರೂ ಅವ್ವನ ನೀರು ಮುಗಿದುಹೋದೀತೆಂದು ಬಾಟಲಿಯ ಮುಚ್ಚಳ ತೆಗೆಯಲಿಲ್ಲ.